ಪಾಡ್ಯದ ದಿನ ಬಿಚ್ಚಿದ ಕೆಂಪು ಅರಿವಿ

ಕುಂತಲ್ಲೇ ಕುಂದ್ರಾಕಿ ಅಲ್ಲ ನಾನು. ಬಸ್ಸಿನ್ಯಾಗ ಸೀಟು ಸಿಕ್ಕರೂ ಕಂಪ್ಲಿ ಬರೂದ್ರಾಗ ಎರಡು ಸಲ ಎದ್ದು ನಿಂತಿರ್ತೀನಿ. ಕೈಗೆ ಕೆಲಸ ಇಲ್ಲಂದ್ರ ಬಾಯಿಗರ ಇರಬೇಕು. ಇದು ಗೊತ್ತಿದ್ದೇ ನಮ್ಮ ಮನಿಯವರು ನನಗ ಆಕಳ ಕೆಲಸ ಕೊಡಲಿಲ್ಲ, ಮಂದಿ ಕೆಲಸ ಕೊಟ್ರು. ಹೊಸಪೇಟೆಗೆ ಸ್ಕೂಟಿ ಮ್ಯಾಲ ಹಾಲು ಒಯ್ಯೂದು, ಫೋನ್ ಎತ್ತೂದು, ವಾಟ್ಸಾಪ್ ಗ್ರೂಪಿನ್ಯಾಗ ಬರೆಯೂದು, "ನಿನ್ನೆ ಹಾಲು ಯಾಕ ತೆಳ್ಳಗಿತ್ತು" ಅಂದವರಿಗೆ ಉತ್ತರ ಕೊಡೂದು, ಎಲ್ಲಾ ನಂದು. ಉತ್ತರ ಅಂದ್ರ ಸುಮ್ನ ಉತ್ತರ ಅಲ್ಲ. ಒಬ್ಬ ಮಾಸ್ತರು ನಮ್ಮ ಹಾಲಿಗೆ ನೀರು ಬೆರಸ್ತಾರ ಅಂದಿದ್ದಕ್ಕ ಅವರ ಬಾಗಿಲ ಮುಂದ ನಿಂತು ಮುಕ್ಕಾಲು ತಾಸು ಜಗಳ ಮಾಡೀನಿ. ಈಗ ಆ ಮಾಸ್ತರು ನಮ್ಮ ಹತ್ರ ಒಂದು ಲೀಟರಿನ ಬದ್ಲಿ ಎರಡು ಲೀಟರು ತಗೊಂತಾರ.

ನಮ್ಮದು ಹೊಸಪೇಟೆಯಿಂದ ಕಂಪ್ಲಿಗೆ ಹೋಗೋ ದಾರ್ಯಾಗ ಕಾಲುವಿ ಮಗ್ಗಲಿನ ಹೊಲ. ಸುತ್ತಲೂ ಬಾಳಿ, ಕಬ್ಬು, ಭತ್ತ. ನಡುವ ನಮ್ಮದೊಂದು ಬರೇ ಹುಲ್ಲು. ಮೊದಮೊದಲು ದಾರಿ ಹಿಡಿದು ಹೋಗೋರು ನಿಂತು, "ಯಾಕ್ರೀ, ಇಂಥ ನೀರಾವರಿ ಭೂಮಿ ಬೀಳು ಬಿಟ್ಟೀರಿ?" ಅಂತ ಕೇಳ್ತಿದ್ರು. "ಬೀಳಲ್ಲರೀ ಯಪ್ಪಾ, ಹುಲ್ಲು ಬೆಳದೀವಿ" ಅಂತ ಹೇಳಿ ಹೇಳಿ ನನ್ನ ಗಂಟಲು ಹರದು ಹೋತು. ಹದಿನಾರು ಜವಾರಿ ಆಕಳದಾವ. ಅವಕ್ಕ ಹುಲ್ಲು ಬಿಟ್ಟು ಬ್ಯಾರೆ ಏನೂ ಇಲ್ಲ. ಹಿಂಡಿ ಇಲ್ಲ, ಬೂಸಾ ಇಲ್ಲ, ಚೀಲದಾಗ ಬರೋದು ಯಾವುದೂ ಇಲ್ಲ. ಹೊಲಕ್ಕ ಸರಕಾರಿ ಗೊಬ್ಬರ, ಅಂದ್ರ ಯೂರಿಯಾ ಗೀರಿಯಾ ಇಲ್ಲ, ಹುಳ ಸಾಯೋ ಎಣ್ಣಿ ಹೊಡೆಯೂದಿಲ್ಲ. ಮಗ್ಗಲ ಭತ್ತದ ಹೊಲದಾಗ ಎಣ್ಣಿ ಹೊಡೀತಾರಂತ ಗೊತ್ತಾದ್ರ, ಗಾಳಿ ಯಾವ ಕಡಿಗೈತಿ ನೋಡಿ ಆ ಬದುವಿನ ಹುಲ್ಲು ಕೊಯ್ಯೂದೇ ಬಿಡ್ತೀವಿ.

ಈ ಹುಚ್ಚು ಹಚ್ಚಿದವರು ನಮ್ಮ ಮನಿಯವರು, ಅಂದ್ರ ನನ್ನ ಗಂಡ. ಸಂಡೂರು ಕಡಿ ಗಣಿ ಲಾರಿ ಓಡಿಸ್ತಿದ್ರು. ಕೆಂಪು ಧೂಳು ಕುಡಿದು ಕುಡಿದು ಸಾಕಾಗಿ ಒಂದಿನ ಮನಿಗೆ ಬಂದವರೇ "ಇನ್ನ ಹುಲ್ಲು ಬೆಳೀತೀನಿ" ಅಂದ್ರು. ಹುಲ್ಲಿನ ಕೆಲಸ ಪೂರಾ ಅವರದು. ಕಾಲುವಿ ಬಂದ್ ಆಗೋ ದಿನಕ್ಕಂತ ಚೋರನೂರು ಕಡಿ ಗುಡ್ಡದ ಒಣ ಹುಲ್ಲು, ನಾವು ಕರಡ ಅಂತೀವಿ, ಅದನ್ನ ಮೊದಲೇ ತಂದು ಬಣವಿ ಒಟ್ಟಿ ಇಡ್ತಾರ. ಮೊಸರು, ಬೆಣ್ಣಿ, ತುಪ್ಪ ಅತ್ತಿ ಕೈಯಾಗ. ಮೈದುನ ತೋರಣಗಲ್ಲಿನಾಗ ಕಾರ್ಖಾನಿ ಕಂತ್ರಾಟು ಕೆಲಸಕ್ಕಿದ್ದ. ಶಿಫ್ಟಿನ ಕೆಲಸ ಬಿಟ್ಟು ಅಣ್ಣನ ಜೋಡಿ ಸೇರಿದ. ಈಗ ಮುಂಜಾನಿ ಬಸ್ಸಿಗೆ ಕ್ಯಾನು ಏರಿಸಿಕೊಂಡು ಅದೇ ತೋರಣಗಲ್ಲಿಗೆ ಹಾಲು ಒಯ್ತಾನ. ಇನ್ನ ಹಾಲು ಹಿಂಡಾಕಿ ಅವನ ಹೆಂಡತಿ, ನನ್ನ ನೆಗೆಣ್ಣಿ. ಕುರೆಕುಪ್ಪದ ಹುಡುಗಿ. ನಾ ಹತ್ತು ಮಾತಾಡೂದ್ರಾಗ ಒಂದು ಮಾತಾಡಾಕಿ. ಆಕಿ ಕೊಟ್ಟಿಗಿಗೆ ಕಾಲಿಟ್ರ ಸಾಕು, ಆಕಳು ಕಿವಿ ತಿರುಗಿಸ್ತಾವ. ನನಗ ಹೊಟ್ಟಿಕಿಚ್ಚು ಬರ್ತಿತ್ತು, ಯಾಕ ಸುಳ್ಳು ಹೇಳ್ಲಿ.

ನಮ್ಮ ಮನ್ಯಾಗ ಇನ್ನೊಂದು ರೂಢಿ ಐತಿ. ಸಣ್ಣ ಸೊಸಿ ಭಾವನ ಮುಂದ ನಿಂತು ಮಾತಾಡೂದಿಲ್ಲ. ಭಾವನೂ ಆಕಿ ಜೋಡಿ ನೇರ ಮಾತಾಡೂದಿಲ್ಲ. ಸಿಟ್ಟು ಅಲ್ಲ, ಮರ್ಯಾದಿ. ಹಂಗಂತ ದಿನಾ ಮುಂಜಾನಿ ಸಂಜಿ ಇಬ್ಬರಿಗೂ ಹದಿನಾರು ಆಕಳ ಸುದ್ದಿ ಬೇಕಲ್ಲ? ಅದು ನನ್ನ ಬಾಯಿಂದ ಹೋಗಬೇಕು. "ಆಕಿಗೆ ಹೇಳು, ಆ ಕಪ್ಪು ಆಕಳು ನಿನ್ನೆಯಿಂದ ಸರಿಯಾಗಿ ಮೇದಿಲ್ಲ" ಅಂತಾರ ನನ್ನ ಗಂಡ. ಆಕಿ ನಾಲ್ಕು ಮಾರು ದೂರದಾಗ ಸೆರಗು ಸರಿಮಾಡಿಕೊಂಡು ನಿಂತಿರ್ತಾಳ, ಕಿವಿ ಕೇಳಿಸ್ತಾವ. ಆದ್ರೂ ನಾ ಹೇಳಬೇಕು. ಹೇಳಿದ ಮ್ಯಾಲ ಆಕಿ, "ಅಕ್ಕಾ, ಭಾವಾರಿಗೆ ಹೇಳು, ಅದಕ್ಕ ಮುಂಜಾನಿ ಅರ್ಧ ಸೇರು ಕಮ್ಮಿ ಬಂತು" ಅಂತಾಳ. ಅದನ್ನೂ ನಾ ತಿರುಗಿ ಹೇಳಬೇಕು. "ಲೇ, ನನಗ ಮೊಬೈಲ್ ಟವರ್ ಬಾಡಿಗಿ ಕೊಡ್ರಿ ಇಬ್ಬರೂ" ಅಂತ ನಗಸ್ತಿದ್ದೆ. ಒಳಗೊಳಗ ಖುಷೀನೂ ಇತ್ತು. ನಾನಿಲ್ಲಂದ್ರ ಈ ಮನಿ ಮೂಕಾಗ್ತತಿ ಅಂತ.

ಹಾಲು ಕುಡಿಯೋರಿಗೆ ನಾವು ಒಂದು ಮಾತು ಕೊಟ್ಟೀವಿ. ಆಕಳಿಗೆ ಜಡ್ಡಾಗಿ ಇಂಜೆಕ್ಷನ್ ಕೊಡಿಸಿದ್ರ, ಹತ್ತು ದಿನ ಅದರ ಹಾಲು ಯಾರ ಮನಿಗೂ ಹೋಗೂದಿಲ್ಲ. ಬ್ಯಾರೆ ಕ್ಯಾನಿಗೆ ಹಿಂಡಿ ತಿಪ್ಪಿಗೆ ಸುರೀತೀವಿ. ಸುರಿಯೋ ಮುಂದ ಅತ್ತಿ ಆ ಕಡಿ ಮಾರಿ ಮಾಡಿ ನಿಲ್ತಾಳ, ನೋಡಾಕ ಆಗೂದಿಲ್ಲ ಆಕಿಗೆ. ಯಾವ ಆಕಳದು ಅಂತ ಮರೀಬಾರ್ದಲ್ಲ, ಅದಕ್ಕ ಆ ಆಕಳ ಎಡಗೋಡಿಗೆ ಕೆಂಪು ಅರಿವಿ ತುಂಡು ಕಟ್ಟತೀವಿ. ಓದಾಕ ಬರಲಿ ಬಿಡಲಿ, ಅರಿವಿ ಕಂಡ್ರ ಬ್ಯಾರೆ ಕ್ಯಾನು. ಇಷ್ಟೇ ನಮ್ಮ ದಫ್ತರ.

ಆ ವರ್ಷ ದೀಪಾವಳಿಗೆ ಮೂರು ದಿನ ಮೊದಲು ಕಂದು ಬಣ್ಣದ ಆಕಳಿಗೆ ಜ್ವರ ಬಂತು. ನೆಗೆಣ್ಣಿ ಹಬ್ಬಕ್ಕಂತ ತವರಿಗೆ ಹೋಗಿದ್ಲು. ಡಾಕ್ಟ್ರು ಬಂದ್ರು, ಇಂಜೆಕ್ಷನ್ ಕೊಟ್ರು. ನಮ್ಮ ಮನಿಯವರು ಕೈಯಾರೆ ಅರಿವಿ ಕಟ್ಟಿ, ಮರುದಿನ ಟ್ರ್ಯಾಕ್ಟರ್ ಸಿಕ್ತಂತ ಕರಡ ತರಾಕ ಚೋರನೂರಿಗೆ ಹೋದ್ರು. ಹಬ್ಬದಾಗ ಹೋಗಬ್ಯಾಡ್ರಿ ಅಂದೆ, ಕೇಳಲಿಲ್ಲ. ಎರಡು ದಿನಕ್ಕ ಆಕಳು ಚೇತರಿಸಿಕೊಂಡು ಉಳಿದವುಗಳಂಗ ಮೇಯಾಕ ಹತ್ತಿತು. ನಾನು, ಅತ್ತಿ ಸೇರಿ ಹೆಂಗೋ ಹಿಂಡಿದ್ವಿ. ಅದರ ಹಾಲು ತಿಪ್ಪಿಗೆ ಹಾಕಿದ್ವಿ.

ಪಾಡ್ಯದ ಮುಂಜಾನಿ ಅತ್ತಿ ಸಗಣಿಯಿಂದ ಪಾಂಡವರ ಸಣ್ಣ ಗೊಂಬಿ ಮಾಡಿ, ಅವಕ್ಕ ಚೆಂಡುಹೂವು, ಉತ್ತರಾಣಿ ಕಡ್ಡಿ ಸಿಗಿಸಿ ಬಾಗಿಲಿಗೆ ಇಡಾಕತ್ತಿದ್ಲು. ನಾನು ಆಕಳ ಮೈ ತೊಳಿಯಾಕತ್ತಿದ್ದೆ. ಪಾಡ್ಯದ ದಿನ ದನದ ಮೈಮ್ಯಾಲ ಹಳೇ ಹಗ್ಗ ಇರಬಾರ್ದು, ಎಲ್ಲಾ ಹೊಸಾದು ಹಾಕಬೇಕು. "ಹಳೇದು ಒಂದು ಎಳಿ ಸೈತ ಬಿಡಬ್ಯಾಡ ನೋಡವ್ವಾ" ಅಂತ ಅತ್ತಿ ಅಲ್ಲಿಂದಾನೇ ಒದರಿದ್ಲು. ಸರಿ, ಕೊರಳ ಹಗ್ಗ ಬಿಚ್ಚಿದೆ. ಕೋಡಿಗೆ ಬಣ್ಣ ಹಚ್ಚಬೇಕಲ್ಲ, ಕಂದು ಆಕಳ ಕೋಡಿನ ಅರಿವೀನೂ ಬಿಚ್ಚಿದೆ. ಬಣ್ಣ ಹಸಿ ಐತಿ, ಆರಿದ ಮ್ಯಾಲ ಹೊಸಾ ಅರಿವಿ ಹರದು ಕಟ್ಟಿದ್ರಾತು ಅಂತ ಲೆಕ್ಕ ನಂದು. ಅಷ್ಟೊತ್ತಿಗೆ ಫೋನು. ಹಂಪಿ ಕಡಿ ಹೋಂಸ್ಟೇ ನಡಸಾಕಿ, ಮಂದಿ ಭಾಳ ಬಂದಾರ, ಜಲ್ದಿ ಮೊಸರು ಬೇಕು ಅಂದ್ಲು. ಕೈಯಾಗಿನ ಬಣ್ಣದ ಡಬ್ಬಿ ಅಲ್ಲೇ ಇಟ್ಟು, ಮೊಸರಿನ ಡಬರಿ ಸ್ಕೂಟಿಗೆ ಕಟ್ಟಿಕೊಂಡು ಹೊಂಟೆ. ಒಂದು ಕೆಲಸ ಮುಗಿಸಿ ಇನ್ನೊಂದಕ್ಕ ಹೋಗೂದು ನನ್ನ ಹಣ್ಯಾಗ ಬರದಿಲ್ಲ. ಅರಿವಿ ನೆನಪು ತಲಿಯಿಂದ ಪೂರಾ ಹಾರಿ ಹೋತು.

ಮಧ್ಯಾಹ್ನ ನೆಗೆಣ್ಣಿ ತವರಿಂದ ಬಂದ್ಲು. ಸೀರಿ ಬದಲಿಸಿ ನೇರ ಕೊಟ್ಟಿಗಿಗೆ ಹೋಗಿ, ಎಲ್ಲಾ ಆಕಳಿಗೂ ಚೆಂಡುಹೂವಿನ ಸರ ಹಾಕಿದ್ಲು. ಜ್ವರದ ಸುದ್ದಿ ಆಕಿಗೆ ಯಾರೂ ಹೇಳಿರಲಿಲ್ಲ. ಹೇಳೋ ಬಾಯಿ ನಂದು, ನಾನು ಇನ್ನೂ ಹಂಪಿ ದಾರ್ಯಾಗಿದ್ದೆ. ಅತ್ತಿ, ಮೈದುನ ಅರಿವಿ ಕಟ್ಟೇತಿ ಅಂತಾನೇ ತಿಳಿದಿದ್ರು. ಆಕಿ ಕೋಡು ನೋಡಿದ್ಲು, ಯಾವ ಕೋಡಿಗೂ ಅರಿವಿ ಇಲ್ಲ. ಸಂಜಿಗೆ ಹದಿನಾರೂ ಹಿಂಡಿ ಒಂದೇ ಕಡಿ ಸುರಿದ್ಲು. ನಾನು ಬಂದು, ಕ್ಯಾನು ಎತ್ತಿ ಸ್ಕೂಟಿಗೆ ಇಟ್ಟು, ಅದನ್ನ ಹೊಸಪೇಟೆಯ ನಲವತ್ತು ಮನಿಗೆ ನಾನೇ ಹಾಕಿ ಬಂದೆ. ಹಬ್ಬದ ದಿನ ಅಂತ ಒಬ್ಬರ ಮನ್ಯಾಗ ಹೋಳಿಗಿ ಸೈತ ತಿಂದೆ.

ಮರುದಿನ ಮುಂಜಾನಿ ಹಾಲು ಹಿಂಡೋ ಮೊದಲೇ ನಮ್ಮ ಮನಿಯವರು ಕರಡ ಹೇರಿಕೊಂಡು ಬಂದ್ರು. ಟ್ರ್ಯಾಕ್ಟರಿನಿಂದ ಇಳಿದವರು ಮೊದಲು ನೋಡಿದ್ದೇ ಕಂದು ಆಕಳನ್ನ. ಕೋಡಿಗೆ ಬಣ್ಣ ಐತಿ, ಅರಿವಿ ಇಲ್ಲ. ಆಮ್ಯಾಲ ಬ್ಯಾರೆ ಕ್ಯಾನಿನ ಮುಚ್ಚಳ ತಗದ್ರು. ಒಣಗಿ ಕುಂತಿತ್ತು. "ನಿನ್ನೆ ಸಂಜಿ ಇದರ ಹಾಲು ಎಲ್ಲಿ ಹೋತು?" ಅಂದ್ರು, ನನ್ನ ಮಾರಿ ನೋಡಿಕೊಂತ. ಎಲ್ಲಾ ಒಮ್ಮೆಲೇ ನೆನಪಾತು.

"ಕೇಳು ಆಕಿನ್ನ" ಅಂದ್ರು. "ಹೂವಿನ ಸರ ಹಾಕೋ ಮುಂದ ಅರಿವಿ ಬಿಚ್ಚಿ ಒಗದಾಳೇನು ಕೇಳು. ಕಣ್ಣು ಎಲ್ಲಿ ಇಟ್ಟಿದ್ಲು ಕೇಳು."

ನೆಗೆಣ್ಣಿ ಅಲ್ಲೇ ಆಕಳ ಮೇವಿನ ಗ್ವಾದಲಿ ಹತ್ರ ನಿಂತಿದ್ಲು. ಆಕಿ ನನ್ನ ಕಡಿ ನೋಡಿದ್ಲು. ಭಾವನ ಮುಂದ ಬಾಯಿ ಬಿಡೂದಿಲ್ಲ ಆಕಿ. ಆಕಿ ಪರವಾಗಿ ಮಾತಾಡಬೇಕಾದ ಬಾಯಿ ನಂದೇ. ನಾ ಏನು ಮಾಡಿದೆ? "ನೀ ನೋಡಲಿಲ್ಲೇನವ್ವಾ?" ಅಂತ ಆಕಿನ್ನ ಕೇಳಿದೆ. ಅಷ್ಟೇ. "ಅರಿವಿ ಇರಲಿಲ್ಲ ಅಕ್ಕಾ" ಅಂದ್ಲು ಸಣ್ಣ ದನಿಯಾಗ. ಅದನ್ನ ತಿರುಗಿ ಗಂಡಗ ಹೇಳೂದೂ ಆಗಲಿಲ್ಲ ನನಗ. ಅತ್ತಿ ನಡುವ ಬಂದು, "ಬಣ್ಣ ಆರಿದ ಮ್ಯಾಲ ನೀ ಹೊಸಾದು ಕಟ್ಟಿದಿ ಅಲ್ಲವ್ವಾ?" ಅಂತ ನನ್ನ ಕೇಳಿದ್ಲು.

"ಹೂಂ" ಅಂದೆ.

ಹೂಂ. ಥೂ ನನ್ನ ಬಾಯಿಗೆ. ಯಾಕ ಅಂದೆ ಅಂತ ಇವತ್ತಿಗೂ ನನ್ನ ನಾನೇ ಕೇಳಿಕೊಂತೀನಿ. ಹೆದರಿಕಿ ಅಂದ್ರ ಹೆದರಿಕಿ ಅಲ್ಲ, ನನ್ನ ಗಂಡ ಕೈ ಎತ್ತೋ ಮನಶ್ಯಾ ಅಲ್ಲ. ನಲವತ್ತು ಮನಿ ಬಾಗಿಲಿಗೆ ನಿಂತು "ನಮ್ಮ ಹಾಲಿನ್ಯಾಗ ಒಂದು ತಪ್ಪು ತೋರಸ್ರಿ" ಅಂತ ಎದಿ ಬಡಕೊಂಡಾಕಿ ನಾನು. ಆ ತಪ್ಪು ನಂದೇ ಅಂತ ಒಪ್ಪಾಕ ನಾಲಗಿ ಏಳಲಿಲ್ಲ.

ಸುದ್ದಿ ಮುಚ್ಚಿಡೂದು ಬ್ಯಾಡ, ಎಲ್ಲಾರಿಗೂ ಹೇಳು ಅಂದ್ರು ಗಂಡ. ಗ್ರೂಪಿನ್ಯಾಗ ಬರದೆ: ನಮ್ಮ ಮನ್ಯಾಗಿನವರೊಬ್ಬರ ಕಣ್ತಪ್ಪಿನಿಂದ ಇಂಜೆಕ್ಷನ್ ಕೊಟ್ಟ ಆಕಳ ಹಾಲು ಕೂಡೇತಿ, ಪಾಡ್ಯದ ಸಂಜಿ ಹಾಲು ಉಳಿದಿದ್ರ ಚೆಲ್ಲಿಬಿಡ್ರಿ, ಕ್ಷಮಾ ಇರಲಿ. ಒಬ್ಬರ ಅಂತ ಬರದು, ಓದಿ ನೋಡಿ, ಸರಿ ಐತಿ ಅಂತ ಕಳಿಸಿದೆ. ಸುಳ್ಳು ಒಂದಕ್ಷರ ಇರಲಿಲ್ಲ ಅದ್ರಾಗ. ಆದ್ರ ಆ ಒಬ್ಬರು ನಾನು ಅಂತ ಒಂದು ನರಪಿಳ್ಳೀನೂ ತಿಳಕೊಳ್ಳಲಿಲ್ಲ.

ಕೆಲವರು ಸಿಟ್ಟಾದ್ರು. ಹೆಚ್ಚಿನವರು, ಹೇಳಿದ್ರಲ್ಲ ಅದೇ ದೊಡ್ಡದು ಅಂದ್ರು. ಗಂಡನ ಸಿಟ್ಟು ಮಾತ್ರ ಇಳೀಲಿಲ್ಲ. "ಇನ್ನ ಮ್ಯಾಲ ಆಕಿ ಹಾಲು ಹಿಂಡೂದು ಬ್ಯಾಡ. ನೀನು, ಅವ್ವ ಹಿಂಡ್ರಿ. ಹೋಗಿ ಆಕಿಗೆ ಹೇಳು" ಅಂದ್ರು. ನಾ ಹೋಗಿ ಹೇಳಿದೆ. ನನ್ನ ತಪ್ಪಿಗೆ ಆಕಿಗೆ ಕೊಟ್ಟ ಶಿಕ್ಷಾ, ನನ್ನ ಬಾಯಿಂದಾನೇ ಆಕಿಗೆ ಮುಟ್ಟಿಸಿದೆ. ಆಕಿ ಕ್ಯಾನು ತಿಕ್ಕಾಕತ್ತಿದ್ಲು. "ಹೂಂ ಅಕ್ಕಾ" ಅಂದು ಮತ್ತ ತಿಕ್ಕಾಕ ಹತ್ತಿದ್ಲು.

ಆಕಳು ಮಾತ್ರ ಹೂಂ ಅನ್ನಲಿಲ್ಲ. ಅತ್ತಿ ಬೆರಳು ಗಂಟು ಕಟ್ಟ್ಯಾವ, ನಾಲ್ಕು ಆಕಳು ಹಿಂಡೂದ್ರಾಗ ಕೈ ನೋವು. ನನಗೋ ಕುಂತ್ರ ಮೈಯೆಲ್ಲಾ ತುರಿಸ್ತತಿ, ಯಾವ ಫೋನು ಬಂತೋ ಅಂತ ಕಿವಿ ಆ ಕಡಿ. ಕಪ್ಪು ಆಕಳು ಒಂದು ಒದಿಕಿ ಕೊಟ್ಟು ತಂಬಗಿ ಕೆಡವಿತು. ಇನ್ನೊಂದು ಹಾಲು ಕೆಳಗ ಬಿಡದ ಮ್ಯಾಲ ಏರಿಸಿಕೊಂಡು ನಿಂತುಬಿಡ್ತು. ಹಾಲು ಅರ್ಧಕ್ಕ ಇಳೀತು. ದಿನಾ ಒಂದಿಷ್ಟು ಮನಿಗೆ "ಇವತ್ತು ಇಲ್ಲರೀ" ಅನ್ನಬೇಕಾತು. ಆಕಿ ಆ ಹೊತ್ತಿನ್ಯಾಗ ಕೊಟ್ಟಿಗಿ ಕಡಿ ಬರ್ತಾನೇ ಇರಲಿಲ್ಲ. ಹುಲ್ಲಿನ ಹೊಲದ ಆ ತುದಿಗೆ ಹೋಗಿ ಕೊಯ್ಯಾಕತ್ತಿರ್ತಿದ್ಲು. ಆಕಳು ಆ ಕಡಿ ಕತ್ತು ಹೊರಳಿಸಿ ಒದರ್ತಿದ್ವು.

ನಾಲ್ಕನೇ ದಿನಕ್ಕ ಮೈದುನ ಬಾಯಿ ಬಿಟ್ಟ. ಅಂಗಳದಾಗ ನಿಂತು, "ನನ್ನ ಹೆಂಡ್ತಿ ಕೈ ಮ್ಯಾಲ ನಂಬಿಕಿ ಇಲ್ಲದ ಮನ್ಯಾಗ ನಾ ಇರೂದಿಲ್ಲ. ತೋರಣಗಲ್ಲಿನ ಕಂತ್ರಾಟುದಾರಗ ಫೋನ್ ಮಾಡೀನಿ. ಸೋಮವಾರದಿಂದ ಬಾ ಅಂದಾನ. ಕುರೆಕುಪ್ಪದಾಗ ಬಾಡಿಗಿ ಮನಿ ನೋಡೀನಿ" ಅಂದ. ಅಣ್ಣ ತಮ್ಮಗ ಬುದ್ಧಿ ಹೇಳಬೇಕು, ಅದು ಬಿಟ್ಟು ಅವರೂ, "ಹೋಗೋರನ್ನ ನಾ ಹಿಡಿಯೂದಿಲ್ಲ" ಅಂದ್ರು. ಅತ್ತಿ ಅಡಿಗಿ ಮನ್ಯಾಗ ಕುಂತು ಸೆರಗಿನ್ಯಾಗ ಮಾರಿ ಮುಚ್ಚಿಕೊಂಡ್ಲು.

ಅವರಿಬ್ಬರು ಹೋದ್ರ ಹಾಲು ಹಿಂಡೋರಿಲ್ಲ, ಬಸ್ಸಿಗೆ ಒಯ್ಯೋರಿಲ್ಲ, ಹುಲ್ಲು ಕೊಯ್ಯೋ ಎರಡು ಕೈ ಇಲ್ಲ. ಆಕಳು ಮಾರಬೇಕಾಗ್ತತಿ. ಅದೆಲ್ಲಾ ಆಮ್ಯಾಲಿಂದು. ಆಕಿ ಮಾಡದ ತಪ್ಪಿಗೆ ಗಂಟು ಕಟ್ಟಿಕೊಂಡು ಈ ಬಾಗಿಲು ದಾಟ್ತಾಳ, ನಾನು ಹೊಸ್ತಿಲದಾಗ ನಿಂತು ನೋಡ್ತೀನಿ. ಅದು ಕಣ್ಣಿಗೆ ಕಟ್ಟಿಬಿಡ್ತು. ಸೋಮವಾರಕ್ಕ ಇನ್ನ ಮೂರೇ ದಿನ.

ಆ ಮೂರು ದಿನ ನಾ ಹೆಂಗ ತಿರುಗಾಡಿದೆ ಅಂತ ನನಗೇ ಗೊತ್ತು. ಹೊಸಪೇಟೆಗೆ ಹೋದ್ರ ಊರಿನ ನೆನಪು, ಊರಿಗೆ ಬಂದ್ರ ಹೊಸಪೇಟೆಗೆ ಓಡಬೇಕು ಅನ್ನಿಸೂದು. ಬೇಕಿಲ್ಲದ್ದಕ್ಕೆಲ್ಲಾ ಕಂಪ್ಲಿ ಪ್ಯಾಟಿಗೆ ಹೋಗಿ ಬಂದೆ. ಒಂದಿನ ಬರೇ ಉಪ್ಪು ತಂದೆ. ನೀರಿನ ತೊಟ್ಟಿ ಹತ್ರ ಆಕಿ ಒಬ್ಬಾಕಿನೇ ಸಿಕ್ಲು. "ತಂಗೀ, ಅವತ್ತು ಪಾಡ್ಯದ ದಿನ..." ಅಂದೆ. ಆಕಿ ತಲಿ ಎತ್ತಿ ನೋಡಿದ್ಲು. "...ಆ ಸಣ್ಣ ಕ್ಯಾನಿನ ಮುಚ್ಚಳ ಎಲ್ಲಿಟ್ಟಿ?" ಅಂದುಬಿಟ್ಟೆ. "ಅಟ್ಟದ ಮ್ಯಾಲ ಐತಿ ಅಕ್ಕಾ" ಅಂದ್ಲು. ಗಂಡ ಉಣ್ಣೋ ಮುಂದ ಹೇಳೂನಂತ ಕುಂತೆ. ಅವರು ರೊಟ್ಟಿ ಮುರಿಯೂದ್ರಾಗ, "ಆಕಿಗೆ ಹೇಳು, ಹೋಗೋ ಮುಂದ ಕುಡಗೋಲು ಎಲ್ಲಿಟ್ಟಾಳ ಹೇಳಿ ಹೋಗಲಿ" ಅಂದ್ರು. ನನಗ ಎಲ್ಲಿಂದ ಸಿಟ್ಟು ಬಂತೋ, "ನೀವೇ ಹೇಳ್ರಿ, ನಿಮಗ ಬಾಯಿಲ್ಲೇನು?" ಅಂತ ಒದರಿ, ನೀರಿನ ತಂಬಗಿ ಕುಕ್ಕಿ ಎದ್ದು ಹೋದೆ. ಹೇಳಬೇಕಾದ್ದು ಬಿಟ್ಟು ಉಳಿದದ್ದೆಲ್ಲಾ ಬಾಯಿಗೆ ಬರ್ತಿತ್ತು.

ರವಿವಾರ ಮುಂಜಾನಿ ಹೊಸಪೇಟೆಯಾಗ ಒಬ್ಬ ಅಜ್ಜಿ ಮನಿಗೆ ಹಾಲು ಹಾಕಿದೆ. ನಮ್ಮ ಹಾಲು ಶುರುವಿನಿಂದ ಕುಡದಾಕಿ. ಪಾತೇಲಿ ಹಿಡದು ನಿಂತು, "ಹಾಲು ಕೆಡಿಸಿದಾಕಿ ಸಣ್ಣ ಸೊಸಿ ಅಂತಲ್ಲವ್ವಾ? ಆಕಿನ್ನ ಕೆಲಸದಿಂದ ತಗದದ್ದು ಚಲೋ ಆತು. ನಿನ್ನಂಥಾಕಿ ಒಬ್ಬಾಕಿ ಇದ್ದದ್ದಕ್ಕ ಮನಿ ನಡದೈತಿ" ಅಂದು ನನ್ನ ಗದ್ದ ಹಿಡದ್ಲು. ಯಾರು ಹೇಳಿದ್ರೋ ಈ ಸುದ್ದಿ. ನನ್ನ ಮೈ ಉರೀತು. ಅಜ್ಜಿ ಮ್ಯಾಲಲ್ಲ, ನನ್ನ ಮ್ಯಾಲೇ. "ಹಂಗಲ್ಲರೀ ಅಮ್ಮಾ" ಅಂದೆ, ಕಣ್ಣಾಗ ನೀರು ಬಂದವು. ಅಜ್ಜಿ ಅದನ್ನೂ ಒಳ್ಳೇತನ ಅಂತ ತಿಳಕೊಂಡ್ಲು.

ಸೀದಾ ಹೊರಗ ಬಂದೆ. ಇನ್ನ ಹತ್ತು ಮನಿ ಬಾಕಿ ಇದ್ವು. ಕಾಲುವಿ ಸೇತುವಿ ಮಗ್ಗಲ ಸ್ಕೂಟಿ ನಿಲ್ಲಿಸಿ, ಬಿಸಲಾಗೇ ನಿಂತು ಗ್ರೂಪಿನ್ಯಾಗ ಬರದೆ. ಪಾಡ್ಯದ ದಿನ ಅರಿವಿ ಬಿಚ್ಚಿದಾಕಿ ನಾನು. ಮರಳಿ ಕಟ್ಟಲಿಲ್ಲ. ಕೇಳಿದಾಗ ಕಟ್ಟೀನಿ ಅಂತ ಸುಳ್ಳು ಹೇಳಿದೆ. ನಮ್ಮ ಸಣ್ಣಾಕಿದು ಏನೂ ತಪ್ಪಿಲ್ಲ. ಅಕ್ಷರ ತಪ್ಪಿದ್ವು, ತಿದ್ದಲಿಲ್ಲ. ಕಳಿಸಿದೆ. ಎದಿ ಮ್ಯಾಲಿನ ಕಲ್ಲು ಸರದಂಗಾತು. ಉಳಿದ ಹತ್ತು ಮನಿಗೆ ಹಾಲು ಹಾಕಿದ್ದು ಗೊತ್ತೇ ಆಗಲಿಲ್ಲ. ಯವ್ವಾ, ಎಷ್ಟು ದೊಡ್ಡ ಮನಸು ನಂದು ಅಂತ ನಾನೇ ನನ್ನ ಬೆನ್ನು ಚಪ್ಪರಿಸಿಕೊಂಡೆ, ಆ ದಾರಿ ಉದ್ದಕ್ಕೂ. ಫೋನು ಟಣ್ ಟಣ್ ಅಂತಿತ್ತು. ಭೇಷ್ ಅಂತ ಬರದಿರಬೇಕು ಮಂದಿ.

ಮನಿಗೆ ಬಂದಾಗ ಅಂಗಳದಾಗ ಎಲ್ಲಾರೂ ಇದ್ರು. ಮೈದುನ ಗ್ರೂಪಿನ್ಯಾಗ ಅದಾನ, ಅವನು ಓದಿ ಹೇಳಿಬಿಟ್ಟಿದ್ದ. ಕಟ್ಟಿದ ಗಂಟು ಕಟ್ಟಿ ಮ್ಯಾಲಿದ್ವು. ಗಂಡ ಕಂಬಕ್ಕ ಆತುಕೊಂಡು ತಲಿ ಕೆಳಗ ಹಾಕಿ ನಿಂತಿದ್ರು. ಅತ್ತಿ ನನ್ನ ಮಾರಿ ನೋಡಲಿಲ್ಲ. ನೆಗೆಣ್ಣಿ ಹತ್ರ ಗ್ರೂಪು ಇಲ್ಲ, ಆಕಿದು ಸಣ್ಣ ಬಟನ್ ಫೋನು. ನಾನು ಆಕಿ ಮುಂದ ಹೋಗಿ ನಿಂತೆ. ಆಕಿ ನನ್ನ ಅಪ್ಪಿಕೊಂಡು ಅಳ್ತಾಳ, ನಾನೂ ಅಳ್ತೀನಿ, ಅಲ್ಲಿಗೆ ಮುಗೀತು ಅಂತ ನಾ ದಾರ್ಯಾಗ ಬರೋ ಮುಂದ ಅಂದ್ಕೊಂಡಿದ್ದೆ.

"ಊರಿಗೆಲ್ಲಾ ಹೇಳಿದಿ ಅಕ್ಕಾ" ಅಂದ್ಲು. "ನನಗೊಬ್ಬಾಕಿಗೆ ಹೇಳಲಿಲ್ಲ."

ನಾನು ಆಕಿ ಕೈ ಹಿಡಿಯಾಕ ಹೋದೆ. ಆಕಿ ಕೈ ಹಿಂದಕ್ಕ ತಗೊಂಡ್ಲು.

"ಆವತ್ತು ಆಕಳ ಮೈ ತೊಳದಾಕಿ ಯಾರು ಅಂತ ನನಗ ಗೊತ್ತಿರಲಿಲ್ಲೇನು? ನೀ ಅತ್ತಿಗೆ ಹೂಂ ಅಂದಾ ಗಳಿಗಿಗೇ ಗೊತ್ತಾತು. ಬಿಚ್ಚಿದ್ದಕ್ಕ ನನಗ ಸಿಟ್ಟಿಲ್ಲ. ಯಾರ ಕೈಯಾಗರ ಮರೀತತಿ. ಆದ್ರ ಒಬ್ಬ ಕಂಡಕ್ಟರು ಚಿಲ್ಲರಿ ಕೊಡಲಿಲ್ಲ ಅಂದ್ರ ಬಸ್ಸು ನಿಲ್ಲಸ್ತಿ ನೀನು. ನನ್ನ ಸಲುವಾಗಿ ಒಂದು ಮಾತು ಆಡೂದಿತ್ತು. ಸುಮ್ನ ನಿಂತಿ."

ಇಷ್ಟು ಮಾತು ಆಕಿ ಬಾಯಿಂದ ಒಮ್ಮೆಲೇ ಬಂದದ್ದು ನಾ ಕೇಳೇ ಇರಲಿಲ್ಲ. ಆಗ ಹೇಳಿದೆ. ಆಕಿ ಮಾರಿ ನೋಡಿಕೊಂತ, "ನಾನೇ ಬಿಚ್ಚಿದೆ. ನಾನೇ ಸುಳ್ಳು ಹೇಳಿದೆ. ನಿನ್ನ ಮ್ಯಾಲ ಬಂದಾಗ ಬರಲಿ ಅಂತ ಬಿಟ್ಟೆ" ಅಂದೆ. ನಲವತ್ತು ಮನಿಗೆ ಬರೆಯೂದಕ್ಕಿಂತ ಇದು ಕಠಿಣ ಇತ್ತು. ಆಕಿ ಪೂರಾ ಕೇಳಿದ್ಲು. ಇರಲಿ ಬಿಡು ಅಂತ ಅನ್ನಲಿಲ್ಲ.

ಆಮ್ಯಾಲ ಆಕಿ ನನ್ನ ದಾಟಿ ಕಂಬದ ಕಡಿ ನಡದ್ಲು. ಸೆರಗು ಸರಿ ಮಾಡಿಕೊಂಡು, ನಮ್ಮ ಮನಿಯವರಿಂದ ಎರಡು ಮಾರು ದೂರ ನಿಂತ್ಲು. ಮದುವಿಯಾಗಿ ಬಂದ ಏಳು ವರ್ಷದಾಗ ಮೊದಲ ಸಲ ಅವರ ಮಾರಿ ನೋಡಿ ಮಾತಾಡಿದ್ಲು.

"ಭಾವಾರ, ಸಂಜಿಯಿಂದ ಹಾಲು ನಾನೇ ಹಿಂಡ್ತೀನ್ರಿ. ನಾ ಎಲ್ಲಿಗೂ ಹೋಗೂದಿಲ್ಲ. ಇನ್ನ ಮ್ಯಾಲ ನನಗೇನರ ಹೇಳೂದಿದ್ರ, ಬೈಯೂದಿದ್ರ, ನನಗೇ ಹೇಳ್ರಿ. ಅಕ್ಕನ ಕೈಯಾಗ ಹೇಳಿ ಕಳಸಬ್ಯಾಡ್ರಿ."

ಮೈದುನ ಗಾಬರಿಯಾಗಿ ಎದ್ದು ನಿಂತ. ಅತ್ತಿ, "ಏನವ್ವಾ ಇದು" ಅಂದ್ಲು, ಅರ್ಧಕ್ಕ ನಿಲ್ಲಿಸಿದ್ಲು. ನಮ್ಮ ಮನಿಯವರು ರೂಢಿ ಬಲದಿಂದ ನನ್ನ ಕಡಿ ತಿರುಗಿದ್ರು, "ಆಕಿಗೆ ಹೇಳು" ಅಂತ ಶುರು ಮಾಡಿದ್ರು. ತುಟಿ ಮ್ಯಾಲೇ ತಡದ್ರು. ಆಕಿ ಕಡಿ ತಿರುಗಿ, "ಆತು ತಂಗೀ" ಅಂದ್ರು. "ನಂದೂ ತಪ್ಪಾತು. ಕಂದು ಆಕಳಿಗೆ ಇನ್ನೊಂದೆರಡು ದಿನ ಐತಿ. ಅದನ್ನ ಬ್ಯಾರೆ ಹಿಂಡು."

"ಹೂನ್ರಿ ಭಾವಾರ" ಅಂದು ಆಕಿ ತಂಬಗಿ ತಗೊಂಡು ಕೊಟ್ಟಿಗಿಗೆ ಹೋದ್ಲು. ನಾನು ಅಂಗಳದಾಗ ನಿಂತಲ್ಲೇ ನಿಂತಿದ್ದೆ. ನನ್ನಿಂದ ಹೇಳಿಸೂದು ಅವರಿಗೆ ಏನೂ ಉಳಿದಿರಲಿಲ್ಲ.